ನಂಬರ್ ಬರೆದ ಕೈ

ಅವರ ಬಲಗೈಯ ಕಿರುಬೆರಳು ನೆಟ್ಟಗಾಗುತ್ತಲೇ ಇರಲಿಲ್ಲ. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಶಾಲೆಯ ಗೋಡೆ, ಎಲ್ಲದರ ಮೇಲೂ ಆ ಬೆರಳನ್ನು ಊರಿ, ಬ್ರಷ್ ಅಲುಗದಂತೆ ಬರೆದೂ ಬರೆದೂ ಅದು ಹಾಗೇ ಬಾಗಿಹೋಗಿತ್ತು. ಫ್ಲೆಕ್ಸ್ ಬಂದು ಅವರ ಕಸುಬನ್ನು ನುಂಗಿದ ಮೇಲೂ ಯಲಹಂಕದಲ್ಲಿ ಎಲ್ಲರಿಗೂ ಅವರು ಪೇಂಟರಣ್ಣನೇ.

ರಾಜಾನುಕುಂಟೆ ಕಡೆಯ ರಸ್ತೆ ಅಗಲ ಮಾಡಲು ಸಾಲುಮರಗಳನ್ನು ಕಡಿಯುತ್ತಾರೆಂದು ಗೊತ್ತಾದಾಗ ನಾವು ಏಳೆಂಟು ಜನ ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ನಡೆಯತೊಡಗಿದೆವು. ಒಂದು ಮರದ ಕೆಳಗೆ ಕೂತು ಅದರ ಚಿತ್ರ ಬರೆಯುವುದು, ಅದಕ್ಕೆ ಕೇಳುವಂತೆ ಕಥೆಪುಸ್ತಕದ ಒಂದೆರಡು ಪುಟ ಗಟ್ಟಿಯಾಗಿ ಓದುವುದು, ಬುಡಕ್ಕೆ ನೀರು ಹಾಕುವುದು. ಎರಡನೇ ವಾರ ಪೇಂಟರಣ್ಣ ತಾವಾಗಿಯೇ ಬಂದು ಸೇರಿಕೊಂಡರು, ಕೈಯಲ್ಲೊಂದು ಇಕ್ಕಳ. ನಾನು ಪುಸ್ತಕ ತೆರೆದೊಡನೆ ತಡೆದರು. ಪಿಜಿ, ಟ್ಯೂಷನ್ ಎಂದು ಕಾಂಡಕ್ಕೆ ಹೊಡೆದಿದ್ದ ಜಾಹೀರಾತುಗಳನ್ನು ತೋರಿಸಿ, “ಮೊದ್ಲು ಮೊಳೆ ಕೀಳೋಣ ಮೇಡಂ. ಮೊಳೆ ಹೊಡೆಸ್ಕೊಂಡು ನಿಂತಿರೋರಿಗೆ ಕಥೆ ಯಾಕೆ?” ಎಂದರು. ಅಂದಿನಿಂದ ಅದೇ ನಮ್ಮ ಕ್ರಮವಾಯಿತು.

ಕಡಿಯಬೇಕಾದ ಪ್ರತಿ ಮರದ ಮೇಲೂ ಬಿಳಿ ಬಣ್ಣದ ನಂಬರ್ ಇತ್ತು. ಮುದ್ದಾದ, ಅಚ್ಚುಕಟ್ಟಾದ ಅಂಕಿಗಳು. ಒಂದು ದಿನ ನಲವತ್ತೇಳನೇ ನಂಬರಿನ ಗೋಣಿಮರದ ಕೆಳಗೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಇದನ್ನು ಬರೆದವನ ಕೈ ಸೇದಿಹೋಗಲಿ ಎಂದು ಶಪಿಸಿಬಿಟ್ಟೆ. ಪೇಂಟರಣ್ಣ ಮೊಳೆ ಕೀಳುತ್ತಲೇ ಇದ್ದರು.

ಆಮೇಲೆ ಮರ ಕಡಿಯುವುದಕ್ಕೆ ಜನರ ಆಕ್ಷೇಪಣೆ ಕೇಳಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಸಭೆ ಕರೆದರು. ನಾವೆಲ್ಲ ಸೇರಿ ಒಂದೇ ಅರ್ಜಿ ಒಯ್ದಿದ್ದೆವು. ಅಧಿಕಾರಿ ಅದನ್ನು ಪಕ್ಕಕ್ಕೆ ಸರಿಸಿ, ನಿಮ್ಮಲ್ಲಿ ಒಬ್ಬರ ಮನೆಯೂ ಆ ರಸ್ತೆಯಲ್ಲಿಲ್ಲ, ಆ ಮರಕ್ಕೂ ನಿಮಗೂ ಏನು ಸಂಬಂಧ ಎಂದು ಕೇಳಿದರು. ಪೇಂಟರಣ್ಣ ಹಿಂದಿನ ಬೆಂಚಿನಿಂದ ಎದ್ದು ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಒಂದು ಕಾಗದದ ಕಟ್ಟು ಇಟ್ಟರು.

“ನಂಬರ್ ಬರ್ದಿದ್ದು ನಾನೇ ಸಾರ್. ಬರೀ ಸರ್ವೆಗೆ ಅಂದ್ರು ಕಂಟ್ರಾಕ್ಟರು, ನಂಬಿ ಬರ್ದೆ. ಕಡಿಯೋಕೆ ಅಂದಿದ್ರೆ ಬ್ರಷ್ ಮುಟ್ತಿರ್ಲಿಲ್ಲ. ಅದಕ್ಕೇ ಒಂದೊಂದು ನಂಬರಿಗೂ ಒಂದೊಂದು ಆಕ್ಷೇಪಣೆ ಬರ್ಕೊಂಡು ಬಂದಿದೀನಿ. ತಗೊಂಡಿದೀವಿ ಅಂತ ಎಲ್ಲಕ್ಕೂ ಸೀಲ್ ಹಾಕ್ಕೊಡಿ. ಅಲ್ಲೀವರ್ಗೂ ನಾನು ಏಳಲ್ಲ.”

ಸಂಜೆಯ ತನಕ ಅವರು ಏಳಲಿಲ್ಲ, ಸೀಲ್ ಬಿತ್ತು. ನಾನು ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಮೆಟ್ಟಿಲಿಳಿಯುವಾಗ ಅವರೇ ಬಲಗೈ ಚಾಚಿ ತೋರಿಸಿ, “ಕೈ ಇನ್ನೂ ಸೇದಿಹೋಗಿಲ್ಲ ಮೇಡಂ. ಭಾನುವಾರ ನೀವೂ ಒಂದು ಇಕ್ಕಳ ತನ್ನಿ,” ಎಂದು ನಕ್ಕರು. ತಪ್ಪು ಮಾಡಿ ತಲೆ ತಗ್ಗಿಸುವುದು ನನಗೂ ಬರುತ್ತಿತ್ತು. ತಲೆಯೆತ್ತಿ ಒಪ್ಪಿಕೊಂಡು, ಅದನ್ನೇ ಹಿಡಿದು ಜಗಳಕ್ಕೆ ನಿಲ್ಲುವುದನ್ನು ಅವರು ಕಲಿಸಿದರು.

ಕಡಿಯುವ ಆದೇಶ ಇನ್ನೂ ಬಂದಿಲ್ಲ, ಯೋಜನೆ ರದ್ದೂ ಆಗಿಲ್ಲ. ಪೇಂಟರಣ್ಣ ಮಾತ್ರ ಕಾಯುತ್ತ ಕೂರಲಿಲ್ಲ. ಒಂದರಿಂದ ಹಿಡಿದು ಪ್ರತಿ ಮರಕ್ಕೂ ಅದರ ಹೆಸರಿನ ಹಲಗೆ ಬರೆಯತೊಡಗಿದರು. ಹೊಂಗೆ, ಹುಣಸೆ, ನೇರಳೆ. ಮೊಳೆಯಿಲ್ಲದೆ, ಸೆಣಬಿನ ಹುರಿಯಲ್ಲಿ, ನಂಬರ್ ಮುಚ್ಚಿಹೋಗುವಂತೆ ಕಟ್ಟುತ್ತ ಹೋದರು. ನಲವತ್ತಾರು ಮುಗಿದಿತ್ತು. ಹೋದ ಚಳಿಗಾಲ ಎದೆನೋವು ಬಂದು ತೀರಿಕೊಂಡರು.

ಸೀಮೆಸುಣ್ಣದ ಗೆರೆಯಷ್ಟೇ ಇದ್ದ ನಲವತ್ತೇಳನೇ ಹಲಗೆಯನ್ನು ಅವರ ಹೆಂಡತಿ ನನಗೆ ಕೊಟ್ಟರು. ಕಿರುಬೆರಳು ಊರಿ, ಉಸಿರು ಹಿಡಿದು ‘ಗೋಣಿ’ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು. ಮುಂದಿನ ಭಾನುವಾರ ಅದನ್ನು ಕಟ್ಟುತ್ತಿದ್ದಾಗ ಕಂಟ್ರಾಕ್ಟರ್ ಕಡೆಯವನೊಬ್ಬ ಬೈಕ್ ನಿಲ್ಲಿಸಿ, ನಂಬರ್ ಮುಚ್ಚಿ ಇದನ್ನು ಯಾರು ಬರೆದಿದ್ದೆಂದು ಗದರಿದ.

ಹುರಿಯ ಗಂಟು ಬಿಗಿದು ಅವನ ಕಡೆ ತಿರುಗಿದೆ. “ಬರ್ದಿದ್ದು ನಾನೇ,” ಎಂದೆ.