ನನ್ನ ಅಳು, ಸೂಲಗಿತ್ತಿಯ ಕೊಲೆ ಕೇಸು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಮೀಸೆ ಬಂದ ಗಂಡಸು ನಾನು, ಹುಲ್ಲುಮೆದೆಯ ಹಿಂದೆ ಕೂತು, ಮೂಗು ಹಿಡಿದುಕೊಂಡು, ಆಗ ತಾನೇ ಹುಟ್ಟಿದ ಕೂಸಿನ ಹಾಗೆ ಅತ್ತೆ. ಚೆನ್ನಾಗಿಯೇ ಅತ್ತೆ. ಅಷ್ಟು ಚೆನ್ನಾಗಿ ಅಳದೆ ಇದ್ದಿದ್ದರೆ ನಮ್ಮೂರ ಸೂಲಗಿತ್ತಿಯ ಮೇಲೆ ಕೊಲೆಯ ಮಾತು ಹುಟ್ಟುತ್ತಲೇ ಇರಲಿಲ್ಲ.

ಊರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ. ಆಗ ನಾವು ಕೊಯಮತ್ತೂರು ಜಿಲ್ಲೆಯವರು, ಮದ್ರಾಸಿನ ಪ್ರಜೆಗಳು. ಯಳಂದೂರಿನ ನೆಂಟರು ಮೈಸೂರು ಮಹಾರಾಜರ ಕಡೆಯವರಾದ್ದರಿಂದ ನಮ್ಮನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಆ ಮೂಗು ಮುರಿಯುವುದನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಪಟೇಲರ ಕೆಮ್ಮು, ಪೂಜಾರಿಯ ತೊದಲು, ಕಿವಿ ಮಂದವಾದ ಸೂಲಗಿತ್ತಿಯ ಕೂಗುಮಾತು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನಮ್ಮಪ್ಪ ನನ್ನನ್ನು ಬೈಯುವುದನ್ನು ಅಪ್ಪನಿಗಿಂತ ಚೆನ್ನಾಗಿ ಬೈದುಕೊಳ್ಳುತ್ತಿದ್ದೆ. ಹೊಲದ ಕೆಲಸ ಒಂದು ಬರುತ್ತಿರಲಿಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ಮೂರು ಹೆಣ್ಣುಮಕ್ಕಳ ತಾಯಿಗೆ ನಾಲ್ಕನೆಯ ಹೆರಿಗೆಯ ನೋವು ಕಾಣಿಸಿಕೊಂಡಿತ್ತು. ಪಕ್ಕದ ಮನೆಯಾಕೆಗೂ ಆ ಮನೆಗೂ ಬಚ್ಚಲ ನೀರಿನ ಜಗಳವಾಗಿ ಮಾತು ನಿಂತಿತ್ತು. ಒಳಗೆ ಹೋಗುವಂತಿಲ್ಲ, ಸುದ್ದಿ ಬಿಡುವಂತೆಯೂ ಇಲ್ಲ. ಆಕೆ ಬೆಳಗಿನಿಂದ ಹಿತ್ತಲಲ್ಲಿ ಒರಳುಕಲ್ಲು ಹತ್ತಿ ಗೋಡೆಗೆ ಕಿವಿಯಿಟ್ಟು ನಿಂತಿದ್ದಳು. ಅದನ್ನು ನೋಡಿ ನನ್ನ ಗಂಟಲು ತುರಿಸಿತು. ಮಧ್ಯಾಹ್ನ ಮೆದೆಯ ಹಿಂದಿನಿಂದ ಒಂದೇ ಒಂದು ಸಲ ಅತ್ತೆ.

ಆಕೆ ಒರಳುಕಲ್ಲಿನಿಂದ ಧುಮುಕಿ ಬೀದಿಗೆ ಓಡಿದಳು. "ಉಟ್ತು ಕಣ್ರೋ! ಗಂಟ್ಲು ಕೇಳುದ್ರೇ ಗೊತ್ತಾಯ್ತದೆ, ನಾಕ್ನೇದೂ ಎಣ್ಣೇಯ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಕೂಸು ಹುಟ್ಟಿದ್ದು ಹೊತ್ತು ಇಳಿದ ಮೇಲೆ, ಹುಟ್ಟುವಾಗಲೇ ಸತ್ತು. ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಹೆಣ್ಣೇ. ನಮ್ಮ ಕಡೆಯ ರೂಢಿಯಂತೆ ಹೊತ್ತು ಮುಳುಗುವ ಮೊದಲು ಹಿತ್ತಲ ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿದರು. ನಗು ಅಲ್ಲೇ ಇಂಗಿತು. ಏಟಿಗೆ ಹೆದರಿ ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿ ಮುಚ್ಚಿದ್ದು ಅದೇ ಮೊದಲು, ಅದೂ ತಪ್ಪು ಹೊತ್ತಿನಲ್ಲಿ.

ಮಾರನೆಯ ದಿನ ಪಕ್ಕದ ಮನೆಯಾಕೆ ಬೀದಿಯ ನಡುವೆ ನಿಂತಳು. "ಅತ್ತ ಕೂಸು ಎಂಗ್ ಸತ್ತೋಯ್ತು? ನಾಕ್ನೇದೂ ಎಣ್ಣು ಅಂತ ಆ ಸೂಲ್ಗಿತ್ತಿ ಮುಂಡೆ ಕತ್ ಇಚ್ಕವ್ಳೆ!"

"ನಾನೂ ಕೇಳ್ದೆ," ಎಂದಳು ಇನ್ನೊಬ್ಬಳು. ಸಂಜೆಯ ಹೊತ್ತಿಗೆ ದೂರದ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವರಿಗೂ ಅಳು ಕೇಳಿಸಿತ್ತು. "ಅಳ್ಲೇ ಇಲ್ಲ ಕಣ್ರವ್ವಾ ಆ ಕೂಸು," ಎಂದು ಸೂಲಗಿತ್ತಿ ಕೂಗಿದಳು. "ಕಿವ್ಡಿ ಸಾಕ್ಷಿ ಯಾವ ಕೋರ್ಟಲ್ ನಡೀತದೆ?" ಎಂದು ನಕ್ಕರು. ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿದ ಆ ಮುದುಕಿಗೆ ಬಾವಿಯಲ್ಲಿ ನೀರು ಸೇದಲು ಬಿಡಲಿಲ್ಲ. ಯಾರೋ ಬಾಗಿಲಿಗೆ ಸಗಣಿ ಎರಚಿದರು.

ಕೊಳ್ಳೇಗಾಲದಲ್ಲಿ ವಕೀಲರ ಗುಮಾಸ್ತನಾಗಿದ್ದ ನಮ್ಮೂರಿನವನೊಬ್ಬ ಜಗುಲಿಯ ಮೇಲೆ ಕೂತು ಕಾನೂನು ಬಿಡಿಸಿ ಹೇಳಿದ. "ಒಟ್ಟೆ ಒಳ್ಗೇ ಕೂಸು ಸತ್ರೆ ಅದು ಕೊಲೆ ಅಲ್ಲ, ಬೇರೆ ಸೆಕ್ಷನ್ನು. ತಲೆನೋ ಕಾಲೋ ಒಂಚೂರು ಈಚೆ ಬಂದಿರ್ಬೇಕು, ಜೀವ ಇರ್ಬೇಕು. ಆಗ ಸಾಯ್ಸುದ್ರೆ ಕೊಲೆ ಆಗ್ಬೋದು. ಉಸ್ರು ಆಡಿರ್ಬೇಕು ಅಂತ್ಲೂ ಇಲ್ಲ."

"ಅತ್ತಿದ್ರೆ?" ಎಂದೆ.

"ಅತ್ತಿದ್ರೆ ಇನ್ನೇನ್ಲಾ ಬೇಕು? ಮುದ್ಕಿ ಕತೆ ಮುಗೀತು."

ಹೊಟ್ಟೆಯೊಳಗಿನ ಜೀವ ಯಾವ ಗಳಿಗೆಯಲ್ಲಿ ಕೊಲೆಯಾಗಬಲ್ಲ ಮನುಷ್ಯನಾಗುತ್ತದೆ ಎಂದು ದೊಡ್ಡ ತಲೆಗಳು ಅಳೆದು ಸುರಿದು ಗೆರೆ ಎಳೆದಿವೆ. ನಾನು ಮೂಗು ಹಿಡಿದುಕೊಂಡು ಒಂದೇ ಉಸಿರಿಗೆ ಆ ಕೂಸನ್ನು ಗೆರೆ ದಾಟಿಸಿಬಿಟ್ಟಿದ್ದೆ.

ಸಬ್ ಇನ್ಸ್‌ಪೆಕ್ಟರು ಸುದ್ದಿ ತಿಳಿದು, ಹೂತ ಕೂಸನ್ನು ತೆಗೆಸಿ ನೋಡಲು ತಹಸೀಲ್ದಾರರ ಅಪ್ಪಣೆ ತಂದು, ಗುದ್ದಲಿಯವನನ್ನೂ ಕರೆದುಕೊಂಡು ಹಿತ್ತಲಿಗೆ ಬಂದರು. ತಮಿಳು ಬೆರೆತ ಕನ್ನಡ. ಬೇರೆ ದಿನವಾಗಿದ್ದರೆ ಅದನ್ನು ಕಲಿತುಬಿಡುತ್ತಿದ್ದೆ. ಸೂಲಗಿತ್ತಿ ನುಗ್ಗೆಮರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಜನರನ್ನು ನೂಕಿಕೊಂಡು ಮುಂದೆ ಹೋದೆ.

"ಸಾ, ಆವತ್ತು ಅತ್ತದ್ದು ನಾನು."

ಹಿತ್ತಲೆಲ್ಲ ನಕ್ಕಿತು. ಪಕ್ಕದ ಮನೆಯಾಕೆ, "ಇವ್ನ್ ಬಾಯಲ್ಲಿ ನಿಜ ಬಂದಿದ್ದ ಎತ್ತವ್ಳೂ ಕಂಡಿಲ್ಲ ಸಾ," ಎಂದಳು.

"ಎಲ್ಲಿ, ಅಳು, ಪಾರ್ಕಲಾಂ, ನೋಡೋಣ," ಎಂದರು ಇನ್ಸ್‌ಪೆಕ್ಟರು.

ಹೆದರಿಕೆಗೆ ಮೊದಲ ಸಲ ಗಂಟಲಿಂದ ಬೆಕ್ಕಿನ ದನಿ ಬಂತು. ಎರಡನೆಯ ಸಲ ಕೂಸೇ ಬಂತು. ಯಾರೂ ನಗಲಿಲ್ಲ. ಸೂಲಗಿತ್ತಿಗೆ ಕೇಳಿಸಿತೋ ಇಲ್ಲವೋ, ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ನಿನ್ ಒಕ್ಕುಳ್ ಬಳ್ಳಿ ಕುಯ್ದ ಕೈ ಕಣ್ಲಾ ಇದು. ಆವತ್ತೇ ಗಂಟ್ಲೂ ಕುಯ್ದಿದ್ರೆ ಊರು ತಣ್ಣಗಿರ್ತಿತ್ತು!" ಕೊಲೆ ಆರೋಪ ಹೊತ್ತವಳು ಪೊಲೀಸರ ಮುಂದೆ ಆಡುವ ಮಾತೇ ಅದು?

ಪಕ್ಕದ ಮನೆಯಾಕೆಯ ಮುಖ ಬಿಳಿಚಿತ್ತು. ಆದರೂ ಸೋಲಲಿಲ್ಲ. "ಇದ್ ಬೇರೆ ಸಾ. ಆವತ್ತಿಂದು ನಿಜ್ವಾದ್ ಕೂಸಿನ್ ಅಳು. ಮಕ್ಳ ಎತ್ತವ್ಳು ನಾನು, ನಂಗ್ ತಿಳೀದಾ?"

ಇನ್ಸ್‌ಪೆಕ್ಟರು ಕೈ ಬೀಸಿದರು. ಗುದ್ದಲಿ ಮಣ್ಣಿಗೆ ಬಿತ್ತು.

ಆಗ ಹಿಂಬಾಗಿಲಲ್ಲಿ ಕೂಸಿನ ತಾಯಿ ಬಂದು ನಿಂತಳು. ಪುರುಡು ಕಳೆಯುವ ತನಕ ಹೆತ್ತವಳು ಹೊಸಿಲು ದಾಟುವಂತಿಲ್ಲ, ಮೈಲಿಗೆಯೆಂದು ಗಂಡಸರು ಅವಳೊಡನೆ ಮಾತಾಡುವಂತಿಲ್ಲ. ಹಾಗಾಗಿ ಬೀದಿ ಪೂರ್ತಿ ಸಾಕ್ಷಿ ಹೇಳಿತ್ತು, ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದು ಕಾಲನ್ನು ಹೊಸಿಲ ಆಚೆಗಿಟ್ಟು ಮಾತಾಡಿದಳು. ಅದಾದ ಮೇಲೆ ಗುದ್ದಲಿಯವನು ತೆಗೆದ ಮಣ್ಣನ್ನು ಮತ್ತೆ ಎಳೆದು ಮುಚ್ಚಿದ, ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು ಹೊರಟರು. ಅವಳು ನನ್ನ ಕಡೆ ನೋಡಲೂ ಇಲ್ಲ. ಪಕ್ಕದ ಮನೆಯಾಕೆಗೆ ಹೇಳಿದ್ದು ಇಷ್ಟು:

"ನಿಂಗ್ ಅಳು ಕೇಳ್ದಾಗ ಅದಿನ್ನೂ ನನ್ ಒಟ್ಟೇಲೇ ಇತ್ತು ಕಣಕ್ಕ. ಈಚ್ಗ್ ಬಂದ್ಮೇಲೆ ಅಳ್ತದಾ ಅಂತ ಕಿವಿ ಕೊಟ್ಕಂಡ್ ಮಲ್ಗಿದ್ದವ್ಳು ನಾನು, ನೀನಲ್ಲ."