ಗಾಜಿನ ಮೇಲಿನ ಸುಣ್ಣ

ಆ ಲಿಲಿ ಗಿಡಗಳು ಜೈನಬಬಿ ಹಾಕಿದ ನೀರಿನಿಂದ ಕೆಡಲಿಲ್ಲ. ಕೆಡಿಸಿದವಳು ನಾನು. ಬೆಳಕು ತಡೆದು ಕೆಡಿಸಿದೆ — ಗೊತ್ತಿದ್ದೇ ಕೆಡಿಸಿದೆ.

ಬಸವಕಲ್ಯಾಣವನ್ನು ನಾವು ಬರೀ ಕಲ್ಯಾಣ ಎನ್ನುತ್ತಿದ್ದ, ನಿಜಾಮರ ಆಳ್ವಿಕೆಯ ಕಾಲ. ಅಲ್ಲಿನ ಜಾಗೀರದಾರರೊಬ್ಬರ ಹವೇಲಿಯಲ್ಲಿ, ಜನಾನಾದ ಅಂಗಳದೊಳಗೆ, ಒಂದು ಗಾಜಿನ ಮನೆಯಿತ್ತು. ಗಂಡಸರು ಅಲ್ಲಿ ಕಾಲಿಡುವಂತಿರಲಿಲ್ಲ. ಹೂಗಿಡಗಳ ಕೆಲಸವೆಲ್ಲ ಹೆಂಗಸರದೇ. ನಾನು ಕಾಶಮ್ಮ, ಹಳಬಳು. ಹುಮನಾಬಾದಿನ ಜೈನಬಬಿ ನನ್ನ ನಂತರ ಬಂದವಳು. ಆದರೂ ಪುಣೆಯಿಂದ ಲಿಲಿ ಗಡ್ಡೆಗಳು ಬಂದಾಗ ಬೇಗಂ ಸಾಹೇಬರು ಅವನ್ನು ಅವಳಿಗೇ ಒಪ್ಪಿಸಿದರು. ಮಗಳ ನಿಕಾಹ್‌ಗೆ ಹೂ ಅರಳಬೇಕು ಎಂದರು. ನನ್ನ ಕಡೆ ನೋಡಲೂ ಇಲ್ಲ — ನೋಡಿದ್ದರೇನೋ, ನನ್ನ ಹೊಟ್ಟೆಕಿಚ್ಚಿಗೆ ಕಾಣಲಿಲ್ಲ.

ಬಿಸಿಲಿನ ಝಳ ತಡೆಯಲೆಂದು ಬೇಸಿಗೆಯಲ್ಲಿ ಗಾಜಿಗೆ ಸುಣ್ಣ ಬಳಿಯುತ್ತಿದ್ದೆವು. ಗಡ್ಡೆ ಬೇರು ಬಿಡುವ ತನಕ ಆ ನೆರಳು ನಡೆಯುತ್ತದೆ. ಮೊಗ್ಗು ಕಂಡ ಮೇಲೆ ಮಾತ್ರ ಬೆಳಕು ಬೇಕೇ ಬೇಕು. ಮೊಗ್ಗು ಮೂಡುವ ಹೊತ್ತಿಗೇ ಜೈನಬಬಿಯ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಹೊರಡುವಾಗ ಅವಳು ನನ್ನ ಕೈ ಹಿಡಿದಳು.

"ಅಕ್ಕಾ, ಇವತ್ತೇ ಸುಣ್ಣ ತೊಳ್ದು ಬಿಡು. ಬೆಳಕಿಲ್ದ ಮೊಗ್ಗು ನಿಲ್ಲಂಗಿಲ್ಲ."

ಹೂಂ ಅಂದೆ.

ತೊಳೆಯಲಿಲ್ಲ. ನಾಳೆ ತೊಳೆದರಾಯಿತು ಎಂದುಕೊಂಡೆ. ಆಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ. ನಿಕಾಹ್ ತಯಾರಿಯ ಗಡಿಬಿಡಿಯಲ್ಲಿ ಬೇರೆ ಯಾರೂ ಅತ್ತ ಬರಲಿಲ್ಲ. ನಾನು ದಿನವೂ ಹೋಗಿ ನೋಡುತ್ತಿದ್ದೆ. ಕಾಂಡಗಳು ಬಾಗಿಲ ಬೆಳಕಿನ ಕಡೆಗೆ ಬಾಗಿ, ಸಣಕಲಾಗಿ, ಉದ್ದಕ್ಕೆ ಎದ್ದವು. ಕೆಳಗಿನ ಎಲೆಗಳು ಹಳದಿಯಾದವು. ಕೊನೆಗೆ ಎಳೆ ಮೊಗ್ಗುಗಳು ಒಣಗಿ ಉದುರಿದವು. ಉದುರಿದ ಮೇಲೆ ಸುಣ್ಣ ತೊಳೆದೆ — ಒಂದು ಕಲೆಯೂ ಉಳಿಯದಂತೆ.

ತಾಯಿಯನ್ನು ಮಣ್ಣು ಮಾಡಿ ಬಂದ ಜೈನಬಬಿ ಕುಂಡಗಳ ಮುಂದೆ ಕುಸಿದು ಕೂತಳು. ಆ ಉದ್ದನೆಯ ಕಾಂಡಗಳನ್ನು ಮುಟ್ಟಿ ನೋಡಿ, ಸುಣ್ಣ ಅವತ್ತೇ ತೊಳೆದಿದ್ದೆಯಲ್ಲ ಎಂದು ಕೇಳಿದಳು. ಅವತ್ತೇ ಎಂದೆ. ಹಾಗಾದರೆ ಕೆಟ್ಟಿದ್ದು ಹೇಗೆ ಎಂದು ಬೇಗಂ ಸಾಹೇಬರು ನನ್ನ ಕಡೆ ತಿರುಗಿದರು. ಹವೇಲಿಯ ಹೆಂಗಸರೆಲ್ಲ ನಿಂತಿದ್ದರು.

"ಆಕಿ ಹೋಗಾಗ ನೀರು ಭಾಳ ಹಾಕಿ ಹೋಗ್ಯಾಳ್ರಿ," ಎಂದೆ.

ಜೈನಬಬಿ ನನ್ನ ಮೇಲೆ ಎಗರಿ ಬೀಳುತ್ತಾಳೆಂದು ಕಾದೆ. ಅವಳು ತನ್ನ ಕೈ ನೋಡಿಕೊಂಡಳು. ತಾಯಿಯ ಚಿಂತೆಯಲ್ಲಿ ಹಾಕಿದ್ದರೂ ಹಾಕಿರಬಹುದು ಎಂದು ತಾನೇ ಒಪ್ಪಿಕೊಂಡಳು. ಅಂದೇ ಅವಳ ಕೆಲಸ ಹೋಯಿತು. ಹೋಗುವಾಗ ನನ್ನ ಹತ್ತಿರವೇ ಮಾಫಿ ಕೇಳಿದಳು — ನನ್ನ ಹತ್ತಿರ! ಮರುವರ್ಷ ನಾನು ಸುಣ್ಣವನ್ನು ಹೊತ್ತಿಗೆ ಸರಿಯಾಗಿ ತೊಳೆದೆ. ಹೂ ಅರಳಿದವು. ಹೊಗಳಿಸಿಕೊಂಡೆ.

ಮುಂದೆ ನಿಜಾಮರ ಆಳ್ವಿಕೆ ಮುಗಿಯಿತು, ಹವೇಲಿಯವರು ಹೈದರಾಬಾದ್ ಸೇರಿದರು. ಈಚೆಗೆ ಹುಮನಾಬಾದಿನ ಸಂತೆಯಲ್ಲಿ ಒಬ್ಬಳು ಮಾತಿನ ನಡುವೆ ಜೈನಬಬಿಯ ಸುದ್ದಿ ತೆಗೆದಳು. ತನ್ನ ಕೈ ಹತ್ತಿದರೆ ಗಿಡ ಸಾಯುತ್ತವೆಂದು ಅವಳು ಸೊಸೆ ನೆಟ್ಟ ಪುದೀನಾವನ್ನೂ ಮುಟ್ಟುವುದಿಲ್ಲವಂತೆ. ನಾನು ಸಂತೆ ಬಿಟ್ಟು ನೆಟ್ಟಗೆ ಅವಳ ಮನೆಗೆ ನಡೆದೆ.

ಸೊಸೆಯ ಎದುರಿಗೇ, ನಿಂತುಕೊಂಡೇ, ಎಲ್ಲ ಹೇಳಿದೆ. ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದ ಜೈನಬಬಿಯ ಕೈ ನಿಂತಿತು.

"ಅಂದ್ರ ನನ್ನ ಕೈ ಕೆಟ್ಟಿದ್ದಿಲ್ಲ?"

"ಇಲ್ಲ."

ಮೊರವನ್ನು ಕೆಳಗಿಟ್ಟಳು. ಅಳಲಿಲ್ಲ.

"ನನಗ ಹೇಳಿದ್ರ ಆಗಂಗಿಲ್ಲ, ಕಾಶಕ್ಕ. ಅವತ್ತು ಯಾರ ಮುಂದ ಅಂದಿದ್ದಿ, ಅವರ ಮುಂದ ಹೇಳು."

ಇನ್ನು ಹೋಗು ಎಂದಳು. ಬಂದೆ.

ಕಲ್ಯಾಣದಲ್ಲಿ ಅಂದಿನ ಹೆಂಗಸರು ಇನ್ನೂ ಕೆಲವರಿದ್ದಾರೆ. ಹವೇಲಿಯಲ್ಲಿ ಅಡುಗೆಗಿದ್ದ ಖಾಜಾಬಿಗೆ ಹೇಳಿದೆ. ಆಕೆ ಮುಖ ತಿರುಗಿಸಿ ಒಳಗೆ ಹೋದಳು. ಉಳಿದವರಿಗೂ ಹೇಳುತ್ತಿದ್ದೇನೆ. ಬೇಗಂ ಸಾಹೇಬರು ಹೈದರಾಬಾದಿನಲ್ಲಿ ಇನ್ನೂ ಇದ್ದಾರಂತೆ. ಅಲ್ಲಿಗೂ ಹೋಗುತ್ತೇನೆ. ಒಳಗೆ ಬಿಡದಿದ್ದರೆ ಬಾಗಿಲಲ್ಲೇ ನಿಂತು, ಕೇಳಿಸುವಂತೆ ಹೇಳುತ್ತೇನೆ.