ಸೈನಬ ಆರಿಸಿದ ಮೈಕ್

ಬಂಟ್ವಾಳದ ಸೈನಬ ಮದುವೆಮನೆಗಳಲ್ಲಿ ಹಾಡಲು ಶುರುಮಾಡಿ ನಲವತ್ತು ವರ್ಷ ದಾಟಿದೆ. ಉಳಿದ ದಿನಗಳಲ್ಲಿ ಅವರದು ಬೀಡಿ ಕಟ್ಟುವ ಕೆಲಸ. ಮದುವೆಯ ಮುನ್ನಾದಿನ ಮದುಮಗಳ ಕೈಗೆ ಮದರಂಗಿ ಹಚ್ಚುವ ಹೊತ್ತಿಗೆ ಮಾತ್ರ ಅವರ ಸ್ಥಾನವೇ ಬೇರೆ. ಹೆಂಗಸರು ಸುತ್ತ ಕುಳಿತು ಚಪ್ಪಾಳೆ ತಟ್ಟುತ್ತಾರೆ, ನಡುವೆ ಸೈನಬ ಬ್ಯಾರಿ ಭಾಷೆಯ ಮೊಯ್ಲಾಂಜಿ ಹಾಡು, ಎಂದರೆ ಮದರಂಗಿಯ ಹಾಡು, ಎತ್ತಿಕೊಳ್ಳುತ್ತಾರೆ. ರಾಗ ಹಳೆಯದು, ಸಾಲುಗಳು ಮಾತ್ರ ಅಲ್ಲೇ ಹುಟ್ಟಿದವು. ಎದುರಿಗೆ ಕುಳಿತ ಅತ್ತೆ, ಚಿಕ್ಕಮ್ಮ, ನೆರೆಮನೆಯಾಕೆ ಎಲ್ಲರ ಹೆಸರೂ ಅದರಲ್ಲಿ ಬರುತ್ತದೆ, ಪ್ರತಿ ಹೆಸರಿಗೂ ಒಂದು ಕೀಟಲೆ ಅಂಟಿಕೊಂಡಿರುತ್ತದೆ.

ಮನೆಯ ಜಗಲಿಯಲ್ಲಿ ಅದಕ್ಕೆ ಮೈಕ್ ಬೇಕಿರಲಿಲ್ಲ. ಮದುವೆಗಳು ಹಾಲ್‌ಗೆ ಹೋದ ಮೇಲೆ ಕಷ್ಟವಾಯಿತು. ಕಳೆದ ವರ್ಷ ಮೂಡುಬಿದಿರೆಯ ದೊಡ್ಡ ಹಾಲೊಂದರಲ್ಲಿ ಅವರ ಸ್ವರ ಕುರ್ಚಿಗಳ ಮೂರನೆಯ ಸಾಲು ದಾಟಲಿಲ್ಲ. ಹಿಂದೆ ಕುಳಿತ ಹುಡುಗಿಯರು ಬೇಸತ್ತು ಮೊಬೈಲಿನ ಹಾಡನ್ನು ಸ್ಪೀಕರಿಗೆ ಹಾಕಿದರು. ಈ ವರ್ಷ ಅದೇ ಹಾಲ್‌ನಲ್ಲಿ ನೆಂಟರ ಹುಡುಗಿ ಶಹನಾಝಳ ಮದುವೆ. ಅವಳ ತಾಯಿ ಕರೆಯಲು ಬಂದವರು ನಯವಾಗಿಯೇ ಹೇಳಿದರು, "ನೀವು ಬಂದು ಕೂತರೆ ಸಾಕು. ಹಾಡಿಗೆ ಸ್ಪೀಕರ್ ಉಂಟು."

"ಮೊದಲ ಹಾಡು ನಾನು ಹಾಡ್ತೇನೆ," ಎಂದರು ಸೈನಬ. "ಕೊನೆಯ ಸಾಲಿಗೆ ಕೇಳದಿದ್ದರೆ ಎರಡನೆಯದಕ್ಕೆ ನಿಮ್ಮ ಸ್ಪೀಕರ್. ಮತ್ತೆ ನಾನು ಯಾವ ಹಾಲ್‌ನಲ್ಲಿಯೂ ಹಾಡುವುದಿಲ್ಲ."

ಮರುದಿನವೇ ಸೊಸೆ ಸಬೀಹಾಳ ಸ್ಕೂಟರಿನ ಹಿಂದೆ ಕುಳಿತು ಪೇಟೆಯ ಸಂಕಪ್ಪನ ಸೌಂಡ್ಸ್ ಅಂಗಡಿಗೆ ಹೋದರು. ಸಂಕಪ್ಪ ಹೊಳೆಯುವ ಒಂದು ಕಾರ್ಡ್‌ಲೆಸ್ ಮೈಕನ್ನು ಅವರ ಕೈಗೆ ಕೊಟ್ಟ.

"ಕೈಯಲ್ಲಿ ಇದನ್ನು ಹಿಡಿದರೆ ನಾನು ಚಪ್ಪಾಳೆ ತಟ್ಟುವುದು ಹೇಗೆ? ಚಪ್ಪಾಳೆ ಇಲ್ಲದೆ ನನಗೆ ಒಂದು ಸಾಲೂ ಬರುವುದಿಲ್ಲ."

ತಲೆಗೆ ಸಿಕ್ಕಿಸುವ ಮೈಕ್ ತೋರಿಸಿದ. ಅದು ತಲೆವಸ್ತ್ರಕ್ಕೆ ಉಜ್ಜಿ ಬರಬರ ಎಂದಿತು. ಕೊನೆಗೆ ಗಿಡ್ಡ ಸ್ಟ್ಯಾಂಡ್ ಒಂದನ್ನು ನೆಲದ ಮೇಲಿಟ್ಟು, "ಇದಕ್ಕೆ ಯಾವ ಮೈಕ್ ಆಗ್ತದೆ ನೋಡುವ. ಒಂದು ಹಾಡಿ ಸೈನಬಕ್ಕ," ಎಂದ.

ಸೈನಬ ಸೊಸೆಯ ಮುಖ ನೋಡಿದರು.

"ಅವರು ಗಂಡಸರ ಎದುರು ಹಾಡುವುದಿಲ್ಲ, ಸಂಕಪ್ಪಣ್ಣ," ಎಂದಳು ಸಬೀಹಾ.

"ಹಾಗಾದರೆ ನನ್ನ ಅಂಗಡಿಯಿಂದ ನಾನೇ ಹೊರಗಾ?"

"ಒಂದು ಚಾ ಕುಡಿದು ಬನ್ನಿ," ಎಂದರು ಸೈನಬ.

"ಒಂದು ಚಾ ಸಾಕಾ?"

"ಗೋಳಿಬಜೆಯೂ ತಿನ್ನಿ. ಅವಸರ ಇಲ್ಲ."

ಸಂಕಪ್ಪ ನಗುತ್ತ ಹೊರಟ. ಅಂಗಡಿಯಲ್ಲಿ ಕೆಲಸಕ್ಕಿದ್ದ ನವ್ಯಾ ಶಟರನ್ನು ಅರ್ಧ ಎಳೆದಳು. ಸ್ವರ ಅಷ್ಟು ದೂರ ಕೇಳುತ್ತದೆಯೇ ನೋಡಲು ಸಬೀಹಾ ಹಿಂದಿನ ಗೋದಾಮಿನ ಕೊನೆಗೆ ಹೋಗಿ ನಿಲ್ಲಲು ಹೊರಟಾಗ ಸೈನಬ ತಡೆದರು. "ನೀನು ಬೇಡ. ನಿನಗೆ ಹಾಡು ಗೊತ್ತುಂಟು, ಕೇಳದಿದ್ದರೂ ಕೇಳಿತು ಅಂತಿ." ನವ್ಯಾಳ ಮನೆಮಾತು ತುಳು. ಆ ಹಾಡನ್ನು ಅವಳು ಎಂದೂ ಕೇಳಿದವಳಲ್ಲ. ಅವಳ ಕೈಗೆ ಕಾಗದ, ಪೆನ್ನು ಕೊಟ್ಟು ಅಲ್ಲಿಗೆ ಕಳಿಸಿದರು. "ಪ್ರತಿ ಮೈಕಿಗೆ ಬೇರೆ ಬೇರೆ ಹನ್ನೆರಡು ಹೆಸರು ಹಾಡ್ತೇನೆ. ಕಿವಿಗೆ ಬಿದ್ದದ್ದು ಬರಿ ಮಾರಾಯ್ತಿ, ಊಹಿಸಿ ಬರೆಯಬೇಡ."

ಮೊದಲಿನದು ಬಹಳ ಸೂಕ್ಷ್ಮದ ಮೈಕ್. ಸ್ವರ ಕನ್ನಡಿಯಂತೆ ಮಿನುಗಿತು, ಸಬೀಹಾ ತಲೆದೂಗಿದಳು. ನವ್ಯಾಳ ಕಾಗದದಲ್ಲಿ ಮಾತ್ರ ಏಳೇ ಹೆಸರು. "ಶ, ಸ ಇರುವ ಹೆಸರೆಲ್ಲ ಕುಕ್ಕರ್ ಸೀಟಿ ಹೊಡೆದ ಹಾಗೆ ಬಂತು ಸೈನಬಕ್ಕ. ಉಳಿದದ್ದನ್ನು ಚಪ್ಪಾಳೆ ತಿಂದಿತು." ಸೈನಬ ಅದನ್ನು ಬದಿಗೆ ಸರಿಸಿದರು. ಮತ್ತೊಂದರಲ್ಲಿ ಒಂಬತ್ತು ಹೆಸರು. ಕಪಾಟಿನ ಕೆಳಗಿನ ಸಾಲಿನಿಂದ ನವ್ಯಾ ಕಪ್ಪು ಬಣ್ಣದ, ವಯರಿನ ಸಾದಾ ಮೈಕೊಂದನ್ನು ತೆಗೆದಳು. "ಇದು ಎದುರಿನ ಸ್ವರ ಮಾತ್ರ ಹಿಡಿಯುವುದು. ಬಾಯಿಗೂ ಇದಕ್ಕೂ ನಾಲ್ಕು ಬೆರಳು ಇರಬೇಕು, ಹೆಚ್ಚಾದರೆ ಸ್ವರ ಬೀಳ್ತದೆ." ಸೈನಬ ಹಾಡಿದರು. ಹನ್ನೊಂದು ಹೆಸರು ಬಂತು.

"ಒಂದು ಯಾಕೆ ಹೋಯಿತು?"

"ಆಗ ನೀವು ಸಬೀಹಕ್ಕನ ಕಡೆಗೆ ತಿರುಗಿದಿರಿ."

"ಅದು ಮೈಕಿನ ತಪ್ಪಲ್ಲ, ನನ್ನದು. ಇದೇ ಇರಲಿ."

ಸಂಕಪ್ಪ ಮರಳಿ ಬಂದು ನೋಡಿ, "ಅಷ್ಟು ಚಂದದ್ದೆಲ್ಲ ಬಿಟ್ಟು ಇದನ್ನಾ? ಬಾಡಿಗೆಗೆ ಕೊಡ್ತೇನೆ, ಬೇಡವೆಂದಾದರೆ ವಾಪಸು ತನ್ನಿ," ಎಂದ. ಬಾಡಿಗೆಗೆ ಬೇಡ, ಸ್ವಂತಕ್ಕೇ ಬೇಕೆಂದು ಸೈನಬ ಸ್ಟ್ಯಾಂಡಿನ ಸಮೇತ ಕೊಂಡರು.

ಶಹನಾಝಳ ಮದರಂಗಿಯ ದಿನ ಹಾಲ್‌ನ ಹೆಂಗಸರ ಬದಿಯಲ್ಲಿ ಮುನ್ನೂರು ಜನ. ವಯರು ಜೋಡಿಸಲು ನವ್ಯಾಳೇ ಬಂದಿದ್ದಳು. ಗಂಡಸರ ಬದಿಯ ಸ್ಪೀಕರನ್ನು ಸೈನಬ ಮೊದಲೇ ತೆಗೆಸಿದರು. ಶಹನಾಝಳ ಪಕ್ಕ ನೆಲದ ಮೇಲೆ ಕುಳಿತು, ಕತ್ತು ಅಲುಗದಂತೆ ಹಿಡಿದು, ಚಪ್ಪಾಳೆ ಎತ್ತಿ ಹಾಡಿದರು. ಮುಂದಿನವರು ನಕ್ಕರು. ಹಿಂದಿನ ಹುಡುಗಿಯರ ತಲೆ ಇನ್ನೂ ಮೊಬೈಲಿನ ಮೇಲೆಯೇ ಬಗ್ಗಿತ್ತು. ಅವರ ನಡುವೆ, ಕೊನೆಯ ಸಾಲಿನಲ್ಲಿ, ಮದುಮಗಳ ನೆರೆಮನೆಯ ಮುದುಕಿ ಖತೀಜಮ್ಮ ಕುಳಿತಿದ್ದರು. ಸೈನಬ ಅವರ ಹೆಸರು ಎತ್ತಿದರು. ಪುಟ್ಟ ಶಹನಾಝ್ ಖತೀಜಮ್ಮನ ಮನೆಯಲ್ಲಿ ಮೂರು ಪತ್ತಿರ್ ರೊಟ್ಟಿ ತಿಂದು, ಮನೆಗೆ ಬಂದು ಹಸಿವು ಎಂದು ಅತ್ತ ಕತೆ ಅದು.

"ಮೂರಲ್ಲ, ಐದು," ಎಂದು ಕೊನೆಯ ಸಾಲಿನಿಂದ ಖತೀಜಮ್ಮ ಕೂಗಿದರು.

ಇಡೀ ಹಾಲ್ ತಿರುಗಿ ನೋಡಿತು. ಸೈನಬ ಚಪ್ಪಾಳೆ ತಪ್ಪಿಸದೆ ಮುಂದಿನ ಸಾಲಿನಲ್ಲಿ ಐದು ಪತ್ತಿರ್ ಹಾಡಿದರು, ಆರನೆಯದನ್ನು ಲಂಗದಲ್ಲಿ ಬಚ್ಚಿಟ್ಟಳೆಂದೂ ಸೇರಿಸಿದರು. ಮದುಮಗಳು ಮದರಂಗಿಯ ಕೈಯಲ್ಲಿ ಮುಖ ಮುಚ್ಚಿಕೊಳ್ಳಲಾಗದೆ ನಕ್ಕಳು. ಹಿಂದಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಆಂಟಿ, ನನ್ನ ಉಮ್ಮನ ಹೆಸರು ಬರಲೇ ಇಲ್ಲ," ಎಂದಳು. ಅವಳ ಬೆನ್ನಿಗೆ ಇನ್ನೂ ನಾಲ್ವರು.

ಎರಡನೆಯ ಹಾಡಿಗೆ ಯಾರೂ ಸ್ಪೀಕರಿನ ಮಾತೆತ್ತಲಿಲ್ಲ. ಶಹನಾಝಳ ತಾಯಿ ನೀರು ತಂದು ಕೊಡುತ್ತ, "ಮೈಕ್ ಒಳ್ಳೆಯದುಂಟು. ಮಗ ಗಲ್ಫಿನಿಂದ ಕಳಿಸಿದ್ದಾ?" ಎಂದು ಕೇಳಿದರು.

"ಅಲ್ಲ," ಎಂದರು ಸೈನಬ. "ನಾನೇ ಹಾಡಿ ನೋಡಿ ತೆಗೆದದ್ದು."